ಅಳತೆ ಅಕ್ಕನ ಗೇರ್‌ಬಾಕ್ಸ್

ಅವಳನ್ನು ಎಲ್ಲರೂ ಅಳತೆ ಅಕ್ಕ ಎಂದೇ ಕರೆಯುತ್ತಿದ್ದರು. ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನಲ್ಲಿ ಹತ್ತೊಂಬತ್ತು ವರ್ಷ ಕೂತು, ಆಮೇಲೆ ಸ್ವಂತಕ್ಕೆ, ತನ್ನಷ್ಟಕ್ಕೇ ಗೇರ್ ಬದಲಾಗುವ ಒಂದು ಹಳೇ ಆಟೋಮ್ಯಾಟಿಕ್ ಲಾರಿ ಕೊಂಡವಳು. ಮನೆ ಬದಲಾಯಿಸುವವರ ಸಾಮಾನು ಸಾಗಿಸುವುದು ಅವಳ ಕಸುಬು. ಬೀರು ಬಾಗಿಲು ದಾಟುತ್ತದೋ ಇಲ್ಲವೋ ಎಂಬುದನ್ನು ಟೇಪು ಹಿಡಿಯದೆ ಯಾರು ಹೇಳಿದರೂ ಒಪ್ಪುತ್ತಿರಲಿಲ್ಲ. ನಮ್ಮಕ್ಕ ಕಾಫಿಗೆ ಸಕ್ಕರೆಯನ್ನೂ ಹರಳು ಎಣಿಸಿ ಹಾಕುತ್ತಾಳೆ ಎಂದು ಅವಳ ತಮ್ಮ, ಸಾಮಾನು ಹೊರುವ ಹಮಾಲರ ಮುಂದೆ, ತಮಾಷೆ ಮಾಡುತ್ತಿದ್ದ. ಅವಳು ನಗುತ್ತಿದ್ದಳು, ಅದು ಸುಳ್ಳೇನೂ ಆಗಿರಲಿಲ್ಲ.

ಲಾರಿ ಓಡಿಸುತ್ತಿದ್ದವನು ಆ ತಮ್ಮನೇ. ಈಗ ಮೂರು ದಿನದಿಂದ ಅವರಿಬ್ಬರ ನಡುವೆ ಮಾತಿಲ್ಲ.

ಒಂದು ಏರಿನಲ್ಲಿ, ಗಾಡಿ ತುಂಬ ಮಂಚ ಮೇಜು ಹೇರಿಕೊಂಡಿದ್ದಾಗ, ಇಂಜಿನ್ ಅರಚಿದರೂ ಚಕ್ರ ತಿರುಗಲಿಲ್ಲ. ಕೆಳಗಿನಿಂದ ಸುಟ್ಟ ವಾಸನೆ ಬಂತು. ಸಾಮಾನಿನ ಮನೆಯವರು, ಹಮಾಲರು ಎಲ್ಲರ ಎದುರಿಗೇ ಅವಳು, "ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೂ ತಿಂದು ಹಾಕಿದೆಯಲ್ಲೋ, ಕೀ ಕೊಡು," ಎಂದುಬಿಟ್ಟಳು. ಅವನು ಕೀಯನ್ನು ಅವಳ ಅಂಗೈಯಲ್ಲಿಟ್ಟು ನಡೆದುಕೊಂಡೇ ಮನೆಗೆ ಹೋದ. ಒಂದು ಪೀಠೋಪಕರಣದ ಅಂಗಡಿಯವರು ಅವನನ್ನು ಡ್ರೈವರ್ ಕೆಲಸಕ್ಕೆ ಕರೆದಿದ್ದಾರೆ, ಇವತ್ತು ಸಂಜೆಯೊಳಗೆ ಉತ್ತರ ಹೇಳಬೇಕಂತೆ ಎಂಬ ಸುದ್ದಿ ತಮ್ಮನ ಹೆಂಡತಿಯಿಂದ ಬಂದಿತ್ತು. ಹೋಗುವುದಾದರೆ ಹೋಗಲಿ ಎಂದು ಅಳತೆ ಅಕ್ಕ ಬಾಯಲ್ಲಿ ಅಂದಿದ್ದಳು. ಮೂರು ದಿನದಿಂದ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ.

ಗ್ಯಾರೇಜಿನಲ್ಲಿ ಮೇಸ್ತ್ರಿ ಎರಡು ದಾರಿ ಹೇಳಿದ್ದ. ಗೇರ್‌ಬಾಕ್ಸ್ ಬಿಚ್ಚಿ ಕ್ಲಚ್ ಪ್ಲೇಟು, ಸೀಲು ಎಲ್ಲ ಹೊಸದು ಹಾಕಿ ಮತ್ತೆ ಕಟ್ಟುವುದು ಒಂದು. ಎಂಟು ದಿನದ ಕೆಲಸ. ಅಪಘಾತದಲ್ಲಿ ಮುಂಭಾಗ ಜಜ್ಜಿಹೋದ ಇನ್ನೊಂದು ಲಾರಿಯ ಗೇರ್‌ಬಾಕ್ಸನ್ನು ಗುಜರಿಯಿಂದ ತಂದು ಕೂರಿಸುವುದು ಇನ್ನೊಂದು; ಎರಡೇ ದಿನ. ಅವಳು ಎರಡನೆಯದಕ್ಕೇ ಮನಸ್ಸು ಮಾಡಿಕೊಂಡು ಬಂದಿದ್ದಳು. ಹಳೆಯದು ಗುಜರಿಗೆ ಹೋಗಲಿ, ಆಗಲೇ ಗೊತ್ತು ಮಾಡಿದ್ದ ಹೊಸ ಡ್ರೈವರ್ ಬರಲಿ, ವಿಷಯ ಮುಗಿಯಲಿ.

ಆದರೆ ಮೇಸ್ತ್ರಿಯದು ಒಂದು ಹಟ. ಒಳಗೆ ನೋಡದೆ ಯಾವ ಗೇರ್‌ಬಾಕ್ಸನ್ನೂ ಅವನು ಗುಜರಿಗೆ ಕಳಿಸುವವನಲ್ಲ. ಲಾರಿಯ ಕೆಳಗೆ ಮಲಗಿ ತಳದ ಪ್ಯಾನ್ ಬಿಚ್ಚಿದ. ಸುರಿದ ಎಣ್ಣೆ ಇರಬೇಕಾದ ಹಾಗೆ ಕೆಂಪಗಿರಲಿಲ್ಲ, ಕಷಾಯದಂತೆ ಕಪ್ಪಾಗಿತ್ತು. ಅಳತೆ ಅಕ್ಕ ಸುಮ್ಮನಿದ್ದಾಳೆಯೇ, ಅದನ್ನು ಲೀಟರ್ ಗೆರೆಯಿರುವ ಡಬ್ಬಕ್ಕೆ ಸುರಿಸಿದಳು. ಆರು ಲೀಟರ್.

ಮೇಸ್ತ್ರಿ ಹುಬ್ಬು ಗಂಟಿಕ್ಕಿದ. ಮೂರು ದಿನ ನಿಂತ ಗಾಡಿ, ಒಂಬತ್ತಾದರೂ ಬರಬೇಕಿತ್ತು ಎಂದ. ಎಣ್ಣೆ ಯಾರು ನೋಡುತ್ತಿದ್ದರು ಎಂದು ಕೇಳಿದ.

ಅವಳಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಇರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದಳು. ಮೂರು ವರ್ಷ, ಒಂದು ದಿನವೂ ತಪ್ಪದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಎಣ್ಣೆ ಅಳೆಯುವ ಕಡ್ಡಿ ತೆಗೆದು, ಒರೆಸಿ, ಅದ್ದಿ, ನೋಡಿ ಬರೆದದ್ದು. ಇಂಜಿನ್ ಎಣ್ಣೆಯದೂ ಗೇರ್‌ಬಾಕ್ಸಿನದೂ ಬೇರೆ ಬೇರೆ ಸಾಲಿನಲ್ಲಿ. ತಮ್ಮನಿಗೂ ಕಡ್ಡಿ ಮುಟ್ಟಲು ಬಿಟ್ಟವಳಲ್ಲ.

"ಸ್ಟಾರ್ಟ್ ಮಾಡೋ ಮುಂಚೆನಾ?" ಎಂದ ಮೇಸ್ತ್ರಿ, ಮೆಲ್ಲಗೆ.

"ಮತ್ತೆ? ಓಡ್ತಿರೋವಾಗ ಎಣ್ಣೆ ನೋಡ್ತಾರಾ ಯಾರಾದ್ರೂ?"

ಗ್ಯಾರೇಜಿನ ಮೂಲೆಯಲ್ಲಿ ಅಂಥದ್ದೇ ಇನ್ನೊಂದು ಲಾರಿ, ಕೆಲಸ ಮುಗಿದು, ಅಳೆದು ಎಣ್ಣೆ ತುಂಬಿಸಿ ರಾತ್ರಿಯಿಂದ ನಿಂತಿತ್ತು. ಮೇಸ್ತ್ರಿ ಅವಳನ್ನು ಅಲ್ಲಿಗೆ ಕರೆದೊಯ್ದು ಕಡ್ಡಿ ಅವಳ ಕೈಗೇ ಕೊಟ್ಟ. ಎಣ್ಣೆ ಫುಲ್ ಗೆರೆಗಿಂತ ನಾಲ್ಕು ಬೆರಳು ಮೇಲಿತ್ತು. ಆಮೇಲೆ ಇಂಜಿನ್ ಹಚ್ಚಿ, ಚೆನ್ನಾಗಿ ಬಿಸಿಯಾಗುವವರೆಗೆ ಬಿಟ್ಟು, ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೊಮ್ಮೆ ಸರಿಸಿ ನ್ಯೂಟ್ರಲ್‌ಗೆ ತಂದು, ಇಂಜಿನ್ ಓಡುತ್ತಿರುವಾಗಲೇ ಮತ್ತೆ ಅಳೆಯಲು ಹೇಳಿದ. ಸರಿಯಾಗಿ ಗೆರೆಯ ಮೇಲೆ.

ಇಂಜಿನ್ ಆರಿಸಿದಾಗ ಮೇಲಿನ ಎಣ್ಣೆಯೆಲ್ಲ ತಳಕ್ಕೆ ಇಳಿಯುತ್ತದೆ, ಓಡುವಾಗ ಮೇಲೇರಿ ತಳದಲ್ಲಿ ಕಮ್ಮಿಯಾಗುತ್ತದೆ, ಈ ಜಾತಿಯ ಗೇರ್‌ಬಾಕ್ಸನ್ನು ಬಿಸಿಯಲ್ಲೇ ಅಳೆಯಬೇಕು ಎಂದು ಅವನು ವಿವರಿಸತೊಡಗಿದ. ಅವಳಿಗೆ ವಿವರಣೆ ಬೇಕಿರಲಿಲ್ಲ. ಎರಡೂ ಅಳತೆ ಕಣ್ಣೆದುರಿಗಿದ್ದವು. ನಿಂತಾಗ ಗೆರೆ ಮುಟ್ಟಿದ ತನ್ನ ಲಾರಿಯ ಎಣ್ಣೆ, ಓಡುವಾಗ ಗೆರೆಗಿಂತ ನಾಲ್ಕು ಬೆರಳು ಕೆಳಗೆ. ಅಂದರೆ ಕಡ್ಡಿಯ ತುದಿಗೂ ತಾಗದಷ್ಟು. ಅವಳ ಲಾರಿಯ ಕೆಳಗೆ, ಎಣ್ಣೆ ತಂಪಾಗಿಸುವ ಪೈಪಿನ ಜೋಡಣೆಯಲ್ಲಿ ತಿಂಗಳುಗಟ್ಟಲೆ ಹನಿ ಹನಿ ಸೋರಿದ್ದಕ್ಕೆ ಮಣ್ಣು ಮೆತ್ತಿದ ಗುರುತನ್ನು ಮೇಸ್ತ್ರಿ ತೋರಿಸಿದ. ಗೆರೆಗಿಂತ ಮೇಲಿದ್ದರೂ, ಬರೀ ಗೆರೆ ಮುಟ್ಟಿದರೂ, ಅಷ್ಟೂ ತಿಂಗಳು ಅವಳು "ಫುಲ್" ಎಂದೇ ಬರೆದಿದ್ದಳು.

ಕೈಯಲ್ಲಿದ್ದ ಕಡ್ಡಿಯ ತುದಿಯಿಂದ ಎಣ್ಣೆ ಸೀರೆಯ ಮೇಲೆ ತೊಟ್ಟಿಕ್ಕುತ್ತಿರುವುದೂ ಅವಳಿಗೆ ಗೊತ್ತಾಗಲಿಲ್ಲ. ತಮ್ಮ ಎರಡು ಸಲ ಹೇಳಿದ್ದ: ಗಾಡಿ ಬಿಸಿಯಾದ ಮೇಲೆ ಗೇರ್ ತಡವಾಗಿ ಹಿಡಿಯುತ್ತದೆ ಅಕ್ಕ, ಎಣ್ಣೆ ಕಮ್ಮಿ ಇರಬೇಕು. ಎರಡು ಸಲವೂ ಅವಳು ಈ ನೋಟ್‌ಬುಕ್ಕಿನ ಪುಟಗಳನ್ನೇ ಅವನ ಮುಖಕ್ಕೆ ಹಿಡಿದಿದ್ದಳು. ನೋಡುವ ಕಣ್ಣಿದ್ದರೆ ನೋಡು ಎಂದಿದ್ದಳು.

ಮೇಸ್ತ್ರಿ ಪ್ಯಾನಿನ ತಳವನ್ನು ಬೆರಳಿನಿಂದ ಬಳಿದು ನೋಡಿದ. ಕಪ್ಪು ಪುಡಿಯಷ್ಟೇ, ಲೋಹದ ಚೂರಿಲ್ಲ. ಪ್ಲೇಟು ಸುಟ್ಟಿದೆ, ಹಲ್ಲುಗಳು ಉಳಿದಿವೆ, ಕಟ್ಟಿದರೆ ನಿಲ್ಲುತ್ತದೆ ಎಂದ. ಗುಜರಿಯ ಗೇರ್‌ಬಾಕ್ಸೂ ಕೆಟ್ಟದ್ದಲ್ಲ, ಆದರೆ ಅದು ಹೇಗೆ ಬದುಕಿತ್ತೋ ಬಲ್ಲವರಿಲ್ಲ.

"ಇದನ್ನೇ ಕಟ್ಟು," ಎಂದಳು. "ಅದನ್ನ ಹಾಕಿದ್ರೆ ಅದನ್ನೂ ಕೊಲ್ತಿದ್ದೆ. ಆಮೇಲೆ ಆ ಹೊಸ ಡ್ರೈವರ್‌ನೂ ಬೈತಿದ್ದೆ."

ಹೊಸ ಡ್ರೈವರ್‌ಗೆ ಬರಬೇಡವೆಂದು ಅಲ್ಲಿಂದಲೇ ಫೋನ್ ಮಾಡಿದಳು. ತಮ್ಮನಿಗೆ ಫೋನ್ ಮಾಡುವ ಧೈರ್ಯವಾಗಲಿಲ್ಲ; ನಡೆದೇ ಹೋದಳು.

ಅವನು ಅಂಗಡಿಗೆ ಹೊರಡಲು ಅಂಗಿ ಇಸ್ತ್ರಿ ಮಾಡುತ್ತಿದ್ದ. ಅವನ ಹೆಂಡತಿ ಕುರ್ಚಿ ಎಳೆದರೂ ಅವಳು ಕೂರಲಿಲ್ಲ. ಆರು ಲೀಟರ್, ಒಂಬತ್ತು ಲೀಟರ್, ನಾಲ್ಕು ಬೆರಳು, ಸುಟ್ಟ ಪ್ಲೇಟು ಎಲ್ಲವನ್ನೂ ನಿಂತಲ್ಲೇ, ಒಂದೂ ಬಿಡದೆ ಹೇಳಿದಳು. ಕೊನೆಗೆ, ತಪ್ಪು ನನ್ನದು ಕಣೋ, ನಿನ್ನದಲ್ಲ ಎಂದಳು.

ಅವನ ಕೈ ಅಂಗಿಯ ಮೇಲೇ ನಿಂತುಬಿಟ್ಟಿತು. ಹೆಂಡತಿ ಬಂದು ಇಸ್ತ್ರಿ ಪೆಟ್ಟಿಗೆ ಎತ್ತಿಡಬೇಕಾಯಿತು.

"ಗುಜರಿಗೆ ಕಳಿಸಿದ್ದಿದ್ರೆ," ಎಂದ ಅವನು, "ಇದು ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ? ನಾನು ಸಾಯೋವರೆಗೂ ಗೇರ್‌ಬಾಕ್ಸ್ ತಿಂದೋನೇ."

ಅವಳು ಹೌದೆಂದು ತಲೆಯಾಡಿಸಿದಳು. ದಾರಿಯುದ್ದಕ್ಕೂ ಅವಳು ಅದನ್ನೇ ನೆನೆಯುತ್ತಾ ಬಂದಿದ್ದಳು.

"ಹಮಾಲರ ಮುಂದೆ ಅಂದಿದ್ದೆ ನೀನು."

"ಅವರ ಮುಂದೇನೇ ಹೇಳ್ತೀನಿ. ನಾಳೆನೇ."

ಅವನು ಅಂಗಿ ತೊಟ್ಟು ಗುಂಡಿ ಹಾಕಿಕೊಂಡ. ಅಂಗಡಿಗೆ ಹೋಗುವುದಿಲ್ಲ ಎಂದು ಅವನೂ ಹೇಳಲಿಲ್ಲ, ಹೋಗಬೇಡ ಎಂದು ಅವಳೂ ಕೇಳಲಿಲ್ಲ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವನು ಒಂದೇ ಮಾತು ಕೇಳಿದ: ಗ್ಯಾರೇಜು ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ? ಆರರವರೆಗೆ ಎಂದಳು.

"ಹಾಗಾದ್ರೆ ಮೊದಲು ಅಲ್ಲಿಗೇ ಹೋಗೋಣ. ಆ ಪ್ಲೇಟು ನಾನೂ ನೋಡ್ಬೇಕು."