ತಮಾಷೆಯ ನಡಿಗೆ

ನನ್ನ ಗಂಡನ ಮುಖಕ್ಕಿಂತ ಬೆನ್ನು ನನಗೆ ಹೆಚ್ಚು ಪರಿಚಿತ. ಎಡಹೆಗಲ ಕೆಳಗಿನ ಮಚ್ಚೆ, ಶಲ್ಯದ ಅಂಚಿಗೆ ನಾನೇ ಹಾಕಿದ ತೇಪೆ, ಎಷ್ಟು ಒಗೆದರೂ ಹೋಗದ ಗಂಧದ ಕಲೆ, ಎಲ್ಲ ಬಾಯಿಪಾಠ. ಕಾಶಿಗೆ ಬಂದು ಒಂಬತ್ತು ವರ್ಷ ನಾನು ಕಂಡ ದೃಶ್ಯ ಮುಖ್ಯವಾಗಿ ಅದೇ.

ತಪ್ಪು ಪೂರ್ತಿ ಅವರದೆನ್ನಲಾರೆ. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸುವುದು ಅವರ ವೃತ್ತಿ. ಮೂವತ್ತು ಜನರನ್ನು ಹಿಂದೆ ಕಟ್ಟಿಕೊಂಡು ಶಿವಾಲದ ಗಲ್ಲಿಗಳಲ್ಲಿ ನಡೆಯುವವರು ತಿರುಗಿ ತಿರುಗಿ ನೋಡುತ್ತಿದ್ದರೆ ಕೇದಾರ ಘಾಟ್ ಸೇರುವುದು ಯಾವಾಗ? "ಬನ್ನಿ ಬನ್ನಿ, ಎಡಗಡೆ ಗೂಳಿ, ಮುಂದೆ ಮೆಟ್ಟಿಲು" ಎಂದು ಗಾಳಿಗೆ ಹೇಳುತ್ತ ಸಾಗುತ್ತಾರೆ. ನನ್ನೊಡನೆ ತರಕಾರಿಗೆ ಹೊರಟರೂ ಅದೇ "ಬನ್ನಿ ಬನ್ನಿ". ಮನೆಯಲ್ಲಿ ಏಕವಚನ, ಗಲ್ಲಿಯಲ್ಲಿ ಬಹುವಚನ. ನಾನಾದರೋ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್‌ಗಳು ನಮ್ಮನ್ನು ಇಬ್ಬಿಬ್ಬರಾಗಿ ಕೈ ಹಿಡಿಸಿಯೇ ಎಲ್ಲಿಗಾದರೂ ನಡೆಸುತ್ತಿದ್ದುದು. ನಡೆಯುವಾಗ ಪಕ್ಕದಲ್ಲೊಬ್ಬರು ಇರಬೇಕೆಂಬುದು ಅಂದಿನಿಂದಲೇ ಮನಸ್ಸಿನಲ್ಲಿ ನಾಟಿತ್ತು. ಬಾಯಿ ಬಿಟ್ಟು ಕೇಳೋಣವೆಂದರೆ ನಾಚಿಕೆ.

ಪಕ್ಕದ ಮನೆಯ ಮಾಸ್ಟರ್ ಸಾಹೇಬರು ಶಾಲೆಯಲ್ಲಿ ಫಾರ್ಸಿ ಕಲಿಸಿ ನಿವೃತ್ತರಾದವರು. ಅಂಗಡಿ ಬೋರ್ಡುಗಳನ್ನಾದರೂ ಓದೋಣವೆಂದು ಮಧ್ಯಾಹ್ನದ ಹೊತ್ತು ಅವರಲ್ಲಿ ಉರ್ದು ಅಕ್ಷರ ಕಲಿಯುತ್ತಿದ್ದೆ. ಒಂದು ದಿನ ಸ್ಲೇಟಿನ ಮೇಲೆ ಬಲದಿಂದ ಎಡಕ್ಕೆ 'ತಮಾಶಾ' ಎಂದು ಬರೆದರು. ಅರಬ್ಬಿ, ಫಾರ್ಸಿ, ಉರ್ದು ಮೂರು ಭಾಷೆಗೂ ಹೆಚ್ಚುಕಡಿಮೆ ಒಂದೇ ಬರಹ. ಅರಬ್ಬಿಯಲ್ಲಿ ಕೊನೆಯ ಅಕ್ಷರದ ಬಾಲ ಮಾತ್ರ ಬೇರೆಯಂತೆ. ಅರಬ್ಬರಲ್ಲಿ ಅದಕ್ಕೆ ಜೊತೆಯಾಗಿ ನಡೆಯುವುದು ಎಂದು ಅರ್ಥ. ಫಾರ್ಸಿಯವರು ನಡೆಯುತ್ತ ನಡೆಯುತ್ತ ಅತ್ತಿತ್ತ ನೋಡಿದರು, ನೋಡುವುದೇ ಅರ್ಥವಾಯಿತು. ಉರ್ದುವಿಗೆ ಬರುವಷ್ಟರಲ್ಲಿ ಅದು ನೋಡುವವರನ್ನು ಬಿಟ್ಟು ನೋಡಿಸಿಕೊಳ್ಳುವುದಕ್ಕೆ, ಕರಡಿಯ ಕುಣಿತಕ್ಕೆ, ಬೀದಿಜಗಳಕ್ಕೆ ಅಂಟಿತು. "ನಮ್ಮ ಕನ್ನಡದಲ್ಲಿ ಅದು ನಗೆಮಾತು" ಎಂದೆ. ಅಷ್ಟು ದೂರ ನಡೆದು ಬಂದೂ ನಗುತ್ತಿದೆಯಲ್ಲ ಎಂದು ಅವರಿಗೆ ಖುಷಿಯೋ ಖುಷಿ.

ಬಟಾಣಿ ಸುಲಿಯುತ್ತಿದ್ದ ಅವರ ಹೆಂಡತಿ ಚಾಚಿ ತಲೆಯೆತ್ತದೆ ಕೇಳಿದರು: "ಔರ್ ಸಾಥ್ ಚಲ್‌ನಾ ಕಹಾಂ ಗಯಾ, ಮಾಸ್ಟರ್‌ಜೀ?"

ಜೊತೆಯಾಗಿ ನಡೆಯುವುದು ಎಲ್ಲಿಗೆ ಹೋಯಿತು? ಮಾಸ್ಟರ್ ಸಾಹೇಬರು ಸ್ಲೇಟು ಒರೆಸತೊಡಗಿದರು. ನನಗೆ ಮಾತ್ರ ಆ ಪ್ರಶ್ನೆ ಒರೆಸಿ ಹೋಗಲಿಲ್ಲ.

ಆ ವಾರವೇ ಒಂದು ಸಂಜೆ ನಾವಿಬ್ಬರೂ ಸೀಮೆಎಣ್ಣೆಯ ಕ್ಯೂ ಮುಗಿಸಿ ಬರುವಾಗ ನಾನು ಬಳೆ ಕೊಳ್ಳಲು ಅಂಗಡಿಯೊಂದರ ಮುಂದೆ ಒಂದು ಗಳಿಗೆ ನಿಂತೆ. ಬೆನ್ನು ಮುಂದೆ ಹೋಯಿತು. ಮನೆ ಸೇರಿದಾಗ ಬಾಗಿಲಲ್ಲಿ ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಒಳಗೆ ನಮ್ಮವರು ಪೆಚ್ಚಾಗಿ ನಿಂತಿದ್ದರು. ಇಳಕಲ್ ಸೀರೆಯ ಅಜ್ಜಿಯೊಬ್ಬರು ನನ್ನ ಮಣೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದವರು, ದಾರಿ ತಪ್ಪಿ, ಕನ್ನಡ ಕಿವಿಗೆ ಬಿದ್ದದ್ದೇ ಹಿಂಬಾಲಿಸಿದ್ದಾರೆ. ನಮ್ಮವರು ದಾರಿಯುದ್ದಕ್ಕೂ ನನ್ನ ತಮ್ಮನ ಮದುವೆಯ ಉಡುಗೊರೆಯನ್ನು ಅವರೊಡನೆ ಚರ್ಚಿಸಿದ್ದಾರೆ.

"ನೀವ ಬರ್ರಿ ಬರ್ರಿ ಅಂದ್ರಲ್ರೀ, ಬಂದೆ" ಎಂದರು ಅಜ್ಜಿ. "ಸಾರಿಗೆ ಉಪ್ಪು ಜಾಸ್ತಿ ಆತು ಅಂದ್ರಿ. ಹೂಂ ಅಂದೆ." ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಕಿ ಏನ್ರಿ ನಿಮ್ಮ ಹೆಂಡ್ತಿ? ಹೆಂಡ್ತೀನ ಬಿಟ್ಟು ಮುದುಕೀನ್ನ ಕರಕೊಂಡು ಬಂದೀರಲ್ಲ, ಒಮ್ಮೆರೆ ತಿರುಗಿ ನೋಡಬಾರದೇನ್ರಿ?"

ಕನ್ನಡ ತಿಳಿಯದಿದ್ದರೂ ಅಜ್ಜಿಯ ಕೈಸನ್ನೆ ನೋಡಿಯೇ ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದರು. ನೋಡುವವರಿದ್ದರು, ನೋಡಿಸಿಕೊಳ್ಳುವವರಿದ್ದರು, ನಗುವೂ ಇತ್ತು. ಅರಬ್ಬಿಯ ಅರ್ಥವೊಂದೇ ಬಾಕಿ. ಎಲ್ಲರ ಜೊತೆ ನಾನೂ ನಗಬೇಕಿತ್ತು, ಆಗಲಿಲ್ಲ. "ರೀ, ನಾನೂ ನಿಮ್ಮ ಯಾತ್ರಿಕಳೇನು?" ಎಂದೆ. ಒಂಬತ್ತು ವರ್ಷ ಬಾಯಿಗೆ ಬಾರದ ಮಾತು ಬಳೆಯ ಪೊಟ್ಟಣ ಕೆಳಗಿಡುವಷ್ಟರಲ್ಲಿ ಬಂದುಬಿಟ್ಟಿತ್ತು. ಅವರು ಚಪ್ಪಲಿ ಮೆಟ್ಟಿದರು.

ಅಜ್ಜಿಯನ್ನು ಇಬ್ಬರೂ ಮಠಕ್ಕೆ ಮುಟ್ಟಿಸಿ ಹಿಂದಿರುಗುವಾಗ ನಮ್ಮವರು ಗಲ್ಲಿ ಬಿಟ್ಟು ದೊಡ್ಡ ರಸ್ತೆ ಹಿಡಿದರು. ಸುತ್ತು ದಾರಿ, ಆದರೆ ಸೈಕಲ್ ರಿಕ್ಷಾಗಳ ನಡುವೆ ಹೇಗೋ ಇಬ್ಬರು ಪಕ್ಕಪಕ್ಕ ನಡೆಯಬಹುದು. ಅವರ ಕಾಲು ತಾನಾಗಿ ಮುಂದೋಡುವುದು, ಅವರು ಅದನ್ನು ತಡೆದು ನಿಲ್ಲಿಸುವುದು. ನನಗೋ ಮುಂದೆ ಬೆನ್ನಿಲ್ಲದೆ ಎಲ್ಲಿ ನೋಡಬೇಕೋ ತಿಳಿಯದು. ಕೊನೆಗೆ ಅವರು ನನ್ನ ಕಡೆ ತಿರುಗಿ, ಈ ಊರಿಗೆ ಕರೆತಂದ ಮೇಲೆ ಮೊದಲ ಬಾರಿಗೆ ಕೇಳಿದರು: "ಕಾಶಿ ನಿನಗೆ ಹಿಡಿಸಿತೇನೇ?"

ಉತ್ತರ ಸಿದ್ಧವಾಗಿಯೇ ಇತ್ತು. ಆದರೆ ಹೇಳಿಬಿಟ್ಟರೆ ಅಲ್ಲಿಗೇ ಮುಗಿಯುತ್ತದಲ್ಲ ಎಂದು ಯೋಚಿಸುವವಳಂತೆ ಹೆಜ್ಜೆ ನಿಧಾನ ಮಾಡಿದೆ. ಅವರೂ ನಿಧಾನ ಮಾಡಿದರು.