ತುಕ್ಕು ಹತ್ತಿದ ಹಿಪ್ಪುನೇರಳೆ ಎಲೆ

ಬಿಎಸ್ಸಿ ಕೊನೆಯ ವರ್ಷದಲ್ಲೇ ಮದುವೆಯಾಗಿ ಶಿಡ್ಲಘಟ್ಟದ ಬಳಿ ರೇಷ್ಮೆ ಸಾಕುವ ಮನೆ ಸೇರಿದ್ದೆ. ಚಿಂತಾಮಣಿಯಲ್ಲಿ ನನ್ನ ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಿದ್ದ ದಿನವೇ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ, ಎದ್ದು ಎಡೆಬಿಡದೆ ಮೇಯತೊಡಗಿದವು.

"ಹುಳ ಹಸ್ಕೊಂಡಿರುವಾಗ ಎಲ್ಲಿಗಮ್ಮ ಹೋಗ್ತೀಯ?" ಎಂದರು ಅತ್ತೆ. ಎದುರಾಡುವ ಧೈರ್ಯ ನನಗಿರಲಿಲ್ಲ. ತೋಟದಾಚೆ ಚಿಂತಾಮಣಿ ಬಸ್ಸು ಹೋದ ಸದ್ದು ಕೇಳಿಸಿತು.

ಸೊಪ್ಪು ಹಾಕುವಾಗ ಒಂದು ಹಿಪ್ಪುನೇರಳೆ ಎಲೆಯ ಅಡಿಯಲ್ಲಿ ಕಂದು ಪುಡಿ ಕಂಡು, ಅತ್ತೆ ಧೂಳೆಂದು ಸೆರಗಿನಿಂದ ಒರೆಸಿದರು.

"ಧೂಳಲ್ಲ ಅತ್ತೆ, ತುಕ್ಕು ರೋಗ. ಒಂದು ಥರ ಬೂಷ್ಟು ಎಲೆಯೊಳಗೇ ಬೆಳೆದು, ಮೇಲಿನ ಸಿಪ್ಪೆ ಸೀಳ್ಕೊಂಡು ಈಚೆ ಬರುತ್ತೆ. ಈ ಪುಡಿ ಗಾಳೀಲಿ ಹಾರಿ ಪಕ್ಕದ ಗಿಡಕ್ಕೂ ಹತ್ತುತ್ತೆ" ಎನ್ನುವಷ್ಟರಲ್ಲಿ, ಇದನ್ನೆಲ್ಲ ಹೇಳಬೇಕಿದ್ದ ಪರೀಕ್ಷೆ ನೆನಪಾಗಿ ನನಗೆ ಅಳು ಬಂತು.

ಆ ವರ್ಷ ನಾನು ಫೇಲಾದೆ. ಮರುವರ್ಷ ಪರೀಕ್ಷೆಯ ತಿಂಗಳು ಅತ್ತೆ ಹುಳು ತರಿಸಲೇ ಇಲ್ಲ.