ಕೈಗೇ ಕೊಟ್ಟ ಮೆಣಸಿನ ಸಸಿ

ಕೆಳಗಿನ ಮನೆಯ ಆಂಟಿ ಆ ಪ್ಲಾಸ್ಟಿಕ್ ಗೂಡಿನೊಳಗಿಂದ ತಲೆ ಹೊರಗೆ ತೆಗೆದಾಗ ಕನ್ನಡಕದ ಎರಡೂ ಗಾಜು ಆವಿ ಹಿಡಿದು ಬೆಳ್ಳಗಾಗಿರುತ್ತಿದ್ದವು. ಎದುರಿಗೆ ನಿಂತವರು ಯಾರೆಂದು ಕಾಣುತ್ತಿರಲಿಲ್ಲ. ಕಾಣದಿದ್ದರೇನು, ಬೈಗುಳ ಶುರುವಾಗಿಬಿಡುತ್ತಿತ್ತು. "ಚಪ್ಪಲಿ ಬಿಟ್ಟು ಬನ್ನಿ ಅಂತ ಎಷ್ಟ್ ಸಲ ಹೇಳೋದು? ಬಾಣಂತಿ ಕೋಣೆಗೆ ಹಿಂಗೇನಾ ನುಗ್ಗೋದು?" ಸೆರಗಿನಿಂದ ಗಾಜು ಒರೆಸಿಕೊಂಡ ಮೇಲೆ ಬೈಸಿಕೊಂಡವಳು ನಾನು ಎಂದು ಗೊತ್ತಾಗುತ್ತಿತ್ತು. "ಓ, ನೀನಾ? ಇರ್ಲಿ, ನಿನಗೂ ಸೇರಿಸೇ ಹೇಳಿದ್ದು" ಎನ್ನುತ್ತಿದ್ದರು.

ಅವರ ಬಗ್ಗೆ ಬರೆಯಲು ಕೂತರೆ ನನಗೆ ಪ್ರೀತಿಗಿಂತ ಮೊದಲು ಸಿಟ್ಟು ಬರುತ್ತದೆ. ಬರಲಿ. ಅವರಿಗೂ ಹಾಗೇ ಬರುತ್ತಿತ್ತು.

ಜೆ.ಪಿ. ನಗರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನಿರುವುದು ಮೊದಲ ಮಹಡಿ. ಅವರದು ಸರಿಯಾಗಿ ಕೆಳಗಿನ ಮನೆ. ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. "ಸರ್ವೀಸ್ ಪೂರ್ತಿ ಬೇರೆಯವರ ಬೈಗುಳ ಕೇಳ್ದೆ, ಈಗ ನನ್ನ ಸರದಿ" ಎಂಬುದು ಅವರ ಸಮಜಾಯಿಷಿ. ಮನೆಯ ಹಿಂದಿನ ಪುಟ್ಟ ಸಿಟೌಟಿನಲ್ಲಿ ಎದೆಮಟ್ಟದ ಕಬ್ಬಿಣದ ರ‍್ಯಾಕು, ಅದರ ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಮುಸುಕು, ಮುಂದೆ ಮೇಲಿಂದ ಕೆಳಗಿನವರೆಗೆ ಜಿಪ್ಪು. ಅದೇ ಅವರ ಗ್ರೀನ್‌ಹೌಸ್. ಒಳಗೆ ಮೊಸರಿನ ಖಾಲಿ ಡಬ್ಬಗಳಲ್ಲಿ ಟೊಮೇಟೊ, ಬದನೆ, ಮೆಣಸು ಮೊಳಕೆ ಒಡೆಯುತ್ತಿದ್ದವು. ನಾಲ್ಕೆಲೆ ಬಂದವು ಬಾಣಂತನ ಮುಗಿಸಿಕೊಂಡು ಬಿಸಿಲಿಗೆ ಬರುತ್ತಿದ್ದವು, ಆಮೇಲೆ ನಮ್ಮೆಲ್ಲರ ಬಾಲ್ಕನಿಗಳಿಗೆ.

"ಬೆಂಗಳೂರಿನ ಹವೆಗೆ ಗ್ರೀನ್‌ಹೌಸ್ ಯಾಕೆ ಆಂಟಿ, ಇದೇನು ಸ್ವಿಟ್ಜರ್ಲೆಂಡಾ?" ಎಂದು ಛೇಡಿಸಿದವರಿಗೆ ಉತ್ತರ ರೆಡಿ ಇರುತ್ತಿತ್ತು. "ಡಿಸೆಂಬರ್ ಚಳೀಲಿ ಮೆಣಸಿನ ಬೀಜ ಮೊಳಕೆ ಒಡ್ಯಲ್ಲ. ಒಡೆದಿದ್ದನ್ನ ಪಾರಿವಾಳ ಬಿಡಲ್ಲ. ಪಾರಿವಾಳ ಬಿಟ್ಟಿದ್ದನ್ನ ನಿಮ್ ಮಗನ ಕ್ರಿಕೆಟ್ ಬಾಲ್ ಬಿಡಲ್ಲ." ಹಾಗೆಂದು ಅವರೇನೂ ಪಂಡಿತೆಯಲ್ಲ. ಒಂದು ಏಪ್ರಿಲ್‌ನಲ್ಲಿ ಜಿಪ್ಪು ಮುಚ್ಚಿಟ್ಟು ಮದುವೆಗೆ ಹೋಗಿ, ಬರುವಷ್ಟರಲ್ಲಿ ಸಸಿಗಳೆಲ್ಲ ಸೊಪ್ಪಿನ ಪಲ್ಯದ ಹಾಗೆ ಬೆಂದುಹೋಗಿದ್ದವು. ಆ ವಾರವೆಲ್ಲ ತಮ್ಮನ್ನೇ ತಾವು ಬೈದುಕೊಂಡರು.

ಆ ಜಿಪ್ಪಿನ ಕೆಲಸ ಆಂಟಿಯ ಗಂಡ, ಅಂಕಲ್ ಅವರದು. ಅಂಕಲ್‌ಗೆ ಪಾರ್ಶ್ವವಾಯು ಹೊಡೆದು ಮಾತು ಹೋಗಿತ್ತು, ಬಲಗೈ ಸೋತಿತ್ತು. ಫಿಸಿಯೋಥೆರಪಿಯವರು ಕೊಟ್ಟ ರಬ್ಬರ್ ಚೆಂಡನ್ನು ಅವರು ಮುಟ್ಟುತ್ತಿರಲಿಲ್ಲ. ಆದರೆ ಬೆಳಿಗ್ಗೆ ಕುರ್ಚಿಯಲ್ಲಿ ಕೂರಿಸಿ ಗ್ರೀನ್‌ಹೌಸ್ ಮುಂದೆ ತಂದರೆ, ಆ ಸೋತ ಕೈ ತಾನಾಗಿ ಮೇಲೇಳುತ್ತಿತ್ತು. ಜಿಪ್ಪು ಹಿಡಿದು ನಡುಗುತ್ತಾ ಕೆಳಗೆಳೆಯುತ್ತಿದ್ದರು. ಬಿಸಿಗಾಳಿ ಮುಖಕ್ಕೆ ಬಡಿದಾಗ ಒಂದು ಪಕ್ಕದಲ್ಲಿ ನಗುತ್ತಿದ್ದರು. ಸಂಜೆ ಮುಚ್ಚುವುದೂ ಅವರೇ. ಇಡೀ ದಿನದಲ್ಲಿ ಆ ಕೈ ಮಾಡುತ್ತಿದ್ದ ಕೆಲಸ ಅದೊಂದೇ.

ಗ್ರೀನ್‌ಹೌಸಿನಿಂದ ಕಟ್ಟಡದ 'ಎಲಿವೇಶನ್', ಅಂದರೆ ಹೊರನೋಟ, ಹಾಳಾಗುತ್ತದೆ ಎಂದು ಅಸೋಸಿಯೇಷನ್ ತಗಾದೆ ತೆಗೆದಾಗ, ಅಂಕಲ್ ವಿಷಯ ಹೇಳಿಬಿಡೋಣ ಎಂದೆ. ಆಂಟಿ ಕೆಂಡವಾದರು. "ನನ್ನ ಗಂಡನ ಕೈ ತೋರ್ಸಿ ನಾನು ಪರ್ಮಿಷನ್ ಬೇಡ್ಬೇಕಾ? ನಮ್ಮನೆ ಸಿಟೌಟು ಇದು. ನೀನು ಬಾಯಿ ಬಿಟ್ರೆ ನೋಡು!" ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೆಕ್ರೆಟರಿ ಬಂದ ದಿನ ನಾನು ಅಲ್ಲೇ ಇದ್ದೆ. ಆಂಟಿಗೆ ಒಂದು ಶಾಸ್ತ್ರವಿತ್ತು. ಟೊಮೇಟೊ, ಬದನೆ ಸಸಿಯನ್ನು ಕೈಗೆ ಕೊಡುವರು. ಮೆಣಸಿನ ಸಸಿಯನ್ನು ಮಾತ್ರ ಕಟ್ಟೆಯ ಮೇಲಿಟ್ಟು "ತಗೊಳ್ಳಿ" ಎನ್ನುವರು. ಉಪ್ಪು, ಮೆಣಸಿನಕಾಯಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಲ್ಲ, ಸಸಿಗೂ ಅದೇ ನಿಯಮ. ಅವತ್ತು ಸೆಕ್ರೆಟರಿಯ ಭಾಷಣವನ್ನೆಲ್ಲ ತೆಪ್ಪಗೆ ಕೇಳಿದರು. ಆಮೇಲೆ ಒಳ್ಳೆಯ ಮೆಣಸಿನ ಸಸಿಯೊಂದನ್ನು ಆರಿಸಿ, ಆತನ ಅಂಗೈ ಹಿಡಿದು, ಅದರೊಳಗೆ ಒತ್ತಿ ಇಟ್ಟರು. "ತಗೊಳ್ಳಿ. ಕೈಗೇ ಕೊಡ್ತಿದೀನಿ."

ಆತನ ಅಮ್ಮನಾಗಿದ್ದರೆ ಹಾವು ಕಂಡಂತೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಈ ಮಹಾಶಯನೋ, ಜಯನಗರದಲ್ಲೇ ಹುಟ್ಟಿ ಬೆಳೆದವನು, ಹಲ್ಲು ಕಿರಿದು "ಥ್ಯಾಂಕ್ಸ್ ಆಂಟಿ, ಸೋ ಸ್ವೀಟ್" ಎಂದು ಹೊರಟುಹೋದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಳೆಗಾಲದಲ್ಲಿ ಆಂಟಿ ಡೆಂಗಿ ಬಂದು ಆಸ್ಪತ್ರೆ ಸೇರಿದರು. ಮಗಳು ಅಂಕಲ್‌ರನ್ನು ಉತ್ತರಹಳ್ಳಿಯ ತನ್ನ ಮನೆಗೆ ಕರೆದೊಯ್ದಳು. ಸಸಿಗಳಿಗೆ ನೀರು ಹಾಕುವ ಕೆಲಸ ನನ್ನದಾಯಿತು. ಒಂದು ಸಂಜೆ ಆಫೀಸಿನಿಂದ ಬಂದು ನೋಡಿದರೆ ಸಿಟೌಟು ಬೋಳು. ರ‍್ಯಾಕು, ಮುಸುಕು, ಸಸಿ ಎಲ್ಲವೂ ಕಸದ ಆಟೊದಲ್ಲಿ ಹೋಗಿಯಾಗಿತ್ತು. ಮೆಟ್ಟಿಲಲ್ಲೇ ಸೆಕ್ರೆಟರಿಯನ್ನು ತಡೆದೆ.

"ಆಂಟೀನೇ ಒಪ್ಕೊಂಡಿದ್ರಲ್ಲ ಮೇಡಂ! ಪ್ರೀತಿಯಿಂದ ಕೈಗೇ ಸಸಿ ಕೊಟ್ಟು ಕಳಿಸಿದ್ರು. ಕಮಿಟೀಲೂ ಹಾಗೇ ಹೇಳಿದೀನಿ."

ನನ್ನ ಮೈ ಉರಿದುಹೋಯಿತು. ಯುದ್ಧ ಸಾರಿದ್ದನ್ನೂ ಸಂಧಿ ಎಂದುಕೊಂಡ ದಡ್ಡನಿಗೆ ಏನೆಂದು ವಿವರಿಸುವುದು? ಅಂಕಲ್ ವಿಷಯ ನಾಲಿಗೆ ತುದಿಗೆ ಬಂತು. ಆಂಟಿಗೆ ಕೊಟ್ಟ ಮಾತು ನೆನಪಾಗಿ ನುಂಗಿಕೊಂಡೆ.

ಆಂಟಿ, ಅಂಕಲ್ ಮನೆಗೆ ಮರಳಿದ ಮರುದಿನ ಬೆಳಿಗ್ಗೆ ನಾನು ಕಾಫಿ ತೆಗೆದುಕೊಂಡು ಹೋಗಿದ್ದೆ. ಅಂಕಲ್ ಎಂದಿನ ಜಾಗದಲ್ಲಿ ಕುರ್ಚಿಯಲ್ಲಿದ್ದರು. ಬಲಗೈ ಮೇಲೆದ್ದಿತು. ಜಿಪ್ಪು ಇರಬೇಕಾದ ಎತ್ತರದಲ್ಲಿ ಬೆರಳುಗಳು ಗಾಳಿಯಲ್ಲಿ ಹುಡುಕಿದವು, ಮತ್ತೆ ಹುಡುಕಿದವು. ಆಂಟಿ ಆ ಕೈಯನ್ನು ಹಿಡಿದು ಮೆಲ್ಲಗೆ ಅವರ ತೊಡೆಯ ಮೇಲಿಟ್ಟರು. ಅವತ್ತು ಅವರು ಯಾರನ್ನೂ ಬೈಯಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

"ನಾಳೇನೇ ಇನ್ನೊಂದು ತರೋಣ ಆಂಟಿ" ಎಂದೆ.

"ತಂದ್ರೆ ಮತ್ತೆ ಎತ್ಕೊಂಡ್ ಹೋಗ್ತಾರೆ ಕಣೇ. ಇವ್ರು ಇನ್ನೊಂದ್ ಸಲ ಹಿಂಗೆ ಹುಡುಕೋದನ್ನ ನೋಡೋಕೆ ನನ್ ಕೈಲಾಗಲ್ಲ."

ಆ ಕೈ ಮತ್ತೆ ಮೇಲೇಳಲಿಲ್ಲ. ಆಂಟಿಯೂ ಹೆಚ್ಚು ದಿನ ಇರಲಿಲ್ಲ. ಡೆಂಗಿಯ ಸುಸ್ತು ಬಿಡಲೇ ಇಲ್ಲ, ಕೊನೆಗೆ ಹೃದಯ ಕೈಕೊಟ್ಟಿತು.

ಪಾರ್ಕಿಂಗ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಫೋಟೊಗೆ ಹಾರ, ಪ್ಲಾಸ್ಟಿಕ್ ಕುರ್ಚಿಗಳು, ಸೆಕ್ರೆಟರಿಯ ಕೈಯಲ್ಲಿ ಮೈಕು. ಆಂಟಿ ಪರಿಸರಪ್ರೇಮಿಯಂತೆ, ನಮಗೆಲ್ಲ ಸ್ಫೂರ್ತಿಯಂತೆ. ಗೇಟಿನ ಬಳಿ ಅವರ ಹೆಸರಿನಲ್ಲಿ 'ಗ್ರೀನ್ ಕಾರ್ನರ್' ಮಾಡುತ್ತಾರಂತೆ. ಚಪ್ಪಾಳೆ ಬಿತ್ತು. ಯಾರ ಮುಂದೆಯೂ ದನಿ ಏರಿಸಿ ಅಭ್ಯಾಸವಿಲ್ಲದ ನಾನು ಎದ್ದು ನಿಂತೆ. ಯಾರಿಗೆ ಮಾತು ಕೊಟ್ಟಿದ್ದೆನೋ ಆ ಆಂಟಿಯೇ ಹೋಗಿಯಾಗಿತ್ತು. ಜಿಪ್ಪು, ಅಂಕಲ್ ಕೈ, ಆ ಬೆಳಗು, ಎಲ್ಲವನ್ನೂ ಹೇಳಿದೆ. ನನ್ನ ದನಿ ಪಾರ್ಕಿಂಗಿನ ಗೋಡೆಗಳಿಗೆ ಬಡಿದು ನನಗೇ ಕೇಳಿಸುತ್ತಿತ್ತು.

ಸೆಕ್ರೆಟರಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಗೊತ್ತೇ ಇರ್ಲಿಲ್ಲ ಮೇಡಂ. ಆಂಟಿ ಒಂದು ಮಾತು ಕೇಳಿದ್ರೆ ಸಾಕಿತ್ತು, ಸ್ಪೆಷಲ್ ಕೇಸ್ ಅಂತ ಪರ್ಮಿಷನ್ ಕೊಡ್ತಿದ್ವಿ."

"ಕೊಡೋಕೆ ನೀವ್ಯಾರ್ರೀ?" ಎಂದೆ.